ಹನ್ನೆರಡಕ್ಕೆ ಹನ್ನೆರಡು

ಪೆಟ್ಟು ಬಿದ್ದ ಒಂಬತ್ತನೆಯ ದಿನ ಸಂಜೆ ನಮ್ಮವರು ನನ್ನ ಮುಖ ನೋಡಿ, “ಅಂತೂ ಬಂದ್ಯಾ? ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ?” ಎಂದರು.

ಅಷ್ಟು ಹೊತ್ತಿಗೆ ನಾನು ಆಸ್ಪತ್ರೆಯ ಮೆಟ್ಟಿಲನ್ನು ದಿನಕ್ಕೆರಡು ಸಲದಂತೆ ಒಂಬತ್ತು ದಿನ ಹತ್ತಿ ಇಳಿದಿದ್ದೆ. ಅವತ್ತು ಬೆಳಿಗ್ಗೆ ಅವರ ಮುಖ ಒರೆಸಿ ಉಗುರು ಕತ್ತರಿಸಿ ಹೋದವಳೂ ನಾನೇ.

“ಬೆಳಿಗ್ಗೆ ಬಂದಿದ್ನಲ್ರೀ.”

“ಸುಳ್ಳು ಹೇಳ್ಬೇಡ. ಇಲ್ಲಿಗೆ ಯಾರೂ ಬರಲ್ಲ. ಆ ಮೇಡಂ ಒಬ್ರೇ ಬರೋದು, ಪಾಪ.”

ಪಾಪ ಅಂತೆ! ಕೈಯಲ್ಲಿದ್ದ ಊಟದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿಬಿಟ್ಟೆ. ಆ ಸದ್ದಿಗೆ ಅವರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ನರ್ಸ್ ಒಳಗೆ ಇಣುಕಿ ತುಟಿಯ ಮೇಲೆ ಬೆರಳಿಟ್ಟಳು. ಆ ಕೋಣೆಯಲ್ಲಿ ಸದ್ದು ಮಾಡಬಾರದು, ಪರದೆ ಸರಿಸಬಾರದು, ಟಿವಿ ಮೊಬೈಲು ಏನೂ ಕೂಡದು, ಒಂದು ಸಲಕ್ಕೆ ಒಬ್ಬರೇ ಒಳಗೆ ಬರಬೇಕು. ಹೊಟ್ಟೆ ಉರಿದುಕೊಳ್ಳಬಾರದು ಎಂಬ ಒಂದು ನಿಯಮವನ್ನು ಮಾತ್ರ ಯಾರೂ ಬರೆದು ಅಂಟಿಸಿರಲಿಲ್ಲ.

ನಮ್ಮವರು ಲಿಫ್ಟ್ ಮೆಕ್ಯಾನಿಕ್. ಏಳಂತಸ್ತಿನ ಕಟ್ಟಡವೊಂದರಲ್ಲಿ ಲಿಫ್ಟಿನ ಗುಂಡಿಗೆ ಇಳಿಯುವಾಗ ಏಣಿ ಜಾರಿ ಹನ್ನೊಂದು ಅಡಿ ಕೆಳಗೆ ಬಿದ್ದರು. ಹೆಲ್ಮೆಟ್ಟು ಸೀಳಿತು, ತಲೆಬುರುಡೆ ಸೀಳಲಿಲ್ಲ. ಸದ್ಯ ಬದುಕಿದೆವು ಎಂದು ನಾನು ಕೈ ಮುಗಿಯಲು ಹೋದರೆ ಡಾಕ್ಟರು ತಡೆದರು. ಬುರುಡೆ ನೆಟ್ಟಗಿದ್ದರೂ ಅದರೊಳಗೆ ಮಿದುಳು ಹಿಂದಕ್ಕೂ ಮುಂದಕ್ಕೂ ಬಡಿದುಕೊಂಡಿದೆ, ಅಲ್ಲಲ್ಲಿ ರಕ್ತ ಒಸರಿದೆ, ಆಪರೇಷನ್ ಬೇಡ, ಆದರೆ ಕಾಯಬೇಕು ಎಂದರು. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಎಂದು ನೋಡಿ ಹದಿನೈದಕ್ಕೆ ಎಂಟು ಅಂಕ ಕೊಟ್ಟರು. ನಾಲ್ಕನೆಯ ದಿನ ಕಣ್ಣು ಬಿಟ್ಟರು, ಆರನೆಯ ದಿನ ನೀರು ಕೇಳಿದರು. ನನ್ನನ್ನು ಗುರುತು ಹಿಡಿದರು, ಮಗಳನ್ನು ಗುರುತು ಹಿಡಿದರು. ಹಳೆಯದೆಲ್ಲ ಇದ್ದಲ್ಲೇ ಇತ್ತು. ಹೊಸದು ಮಾತ್ರ ಒಳಗೆ ನಿಲ್ಲುತ್ತಿರಲಿಲ್ಲ, ತೂತು ಜೇಬಿನ ಅಂಗಿಯ ಹಾಗೆ. ನಾನು ಬಟ್ಟೆ ಹೊಲಿಯುವವಳು, ನನಗೆ ಅಂಥ ಹೋಲಿಕೆಗಳೇ ಹೊಳೆಯುವುದು.

ಈ ಮರೆವನ್ನು ನೋಡಿಕೊಳ್ಳಲು ಒಬ್ಬಳು ಥೆರಪಿಸ್ಟ್ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತಿದ್ದಳು. ಅವಳಿಗೊಂದು ಹೆಸರಿದೆ. ಅದನ್ನು ನಮ್ಮವರು ಹೇಳುವುದನ್ನು ಕೇಳಿ ಕೇಳಿ ನನ್ನ ಬಾಯಿ ಅದನ್ನು ಹೇಳಲು ಒಪ್ಪುವುದಿಲ್ಲ. ನಾನು ಅವಳನ್ನು ಪಟದಮ್ಮ ಎನ್ನುತ್ತಿದ್ದೆ. ವಯಸ್ಸು ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬೇಕು. ಬಿಗಿಯಾಗಿ ಕಟ್ಟಿದ ತುರುಬು, ಸದ್ದಾಗದ ಮೆತ್ತನೆಯ ಬೂಟು, ಒಂದೇ ಒಂದು ಸುಕ್ಕಿಲ್ಲದ ಕೋಟು. ನಗುವುದು ಕಡಿಮೆ. ಕುರ್ಚಿಯನ್ನು ಅವರ ಎಡಕ್ಕೇ ಎಳೆದು ಕೂರುತ್ತಿದ್ದಳು, ಏಕೆಂದರೆ ಬಲಗಡೆಯಿಂದ ಯಾರಾದರೂ ಮಾತಾಡಿದರೆ ಅವರಿಗೆ ಗಾಬರಿಯಾಗುತ್ತಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನಾನು ಅದನ್ನು ಗಮನಿಸಿರಲಿಲ್ಲ. ಅವಳು ಎರಡೇ ದಿನದಲ್ಲಿ ಗಮನಿಸಿದ್ದಳು.

ಅವಳು ಕೇಳುತ್ತಿದ್ದುದು ಹನ್ನೆರಡು ಪ್ರಶ್ನೆ. ನಿಮ್ಮ ವಯಸ್ಸೆಷ್ಟು, ಹುಟ್ಟಿದ ದಿನ ಯಾವುದು, ಈಗ ಯಾವ ವರ್ಷ, ಯಾವ ತಿಂಗಳು, ಇವತ್ತು ಏನು ವಾರ, ಬೆಳಿಗ್ಗೆಯೋ ಮಧ್ಯಾಹ್ನವೋ, ನಾವಿರುವ ಜಾಗ ಯಾವುದು. ಆಮೇಲೆ ಮೂರು ಹೆಂಗಸರ ಫೋಟೋ ತೋರಿಸಿ, ನಿನ್ನೆ ಬಂದವಳು ಇವರಲ್ಲಿ ಯಾರು, ಅವಳ ಹೆಸರೇನು ಎನ್ನುವುದು. ಕೊನೆಗೆ, ನಿನ್ನೆ ತೋರಿಸಿದ ಮೂರು ಪಟ ಯಾವುವು ಎನ್ನುವುದು. ಮೂರು ದಿನ ಬಿಡದೆ ಹನ್ನೆರಡಕ್ಕೆ ಹನ್ನೆರಡು ಬಂದರೆ ಮರೆವು ಬಿಟ್ಟಿತು ಎಂದು ಲೆಕ್ಕ.

“ವಾರ, ತಿಂಗಳು ನೀವೂ ಹೇಳ್ತಾ ಇರಿ, ಪರವಾಗಿಲ್ಲ. ಪಟದ ವಿಷಯ ಮಾತ್ರ ಎತ್ತಲೇಬೇಡಿ,” ಎಂದು ಮೊದಲ ದಿನವೇ ನನಗೆ ಹೇಳಿದ್ದಳು. ನಾನು ಒಳ್ಳೆಯವಳಂತೆ ತಲೆಯಾಡಿಸಿದ್ದೆ.

ಹತ್ತನೆಯ ದಿನ ನನ್ನ ಗ್ರಹಚಾರಕ್ಕೆ ಬೆಳಗಿನ ಭೇಟಿ ಮುಗಿಸಿ ಹೊರಡುವಾಗ ಕೊಡೆ ಮರೆತು, ಅಂಗಡಿ ತಲುಪಿದ ಮೇಲೆ ನೆನಪಾಗಿ ಹಿಂದಕ್ಕೆ ಬಂದೆ. ಬಾಗಿಲಿಗೊಂದು ಗಾಜಿನ ಕಿಂಡಿ ಇತ್ತು. ಒಳಗೆ ಪಟದಮ್ಮ ಮೂರು ಫೋಟೋ ಹಿಡಿದಿದ್ದಳು. ನಮ್ಮವರು ಒಂದು ಕ್ಷಣವೂ ತಡೆಯದೆ ಅವಳ ಫೋಟೋದ ಮೇಲೆ ಬೆರಳಿಟ್ಟು, ಅವಳ ಹೆಸರನ್ನು ಹೇಳಿದರು. ಬರೀ ಹೇಳಲಿಲ್ಲ, ನಕ್ಕುಕೊಂಡು ಹೇಳಿದರು. ನಾನು ದಿನಕ್ಕೆರಡು ಸಲ ಬಂದು ಹೋಗುವುದು ಗಾಳಿಗೆ ಹೋಯಿತು, ಅರ್ಧ ಗಂಟೆ ಕೂರುವ ಅವಳ ಮುಖ ಕಲ್ಲಿನಲ್ಲಿ ಕೊರೆದಂತೆ ನಿಂತಿತು!

ಅವಳನ್ನು ನೆನಪಿಟ್ಟುಕೊಳ್ಳುವುದೇ ಆ ಪ್ರಶ್ನೆಯ ಉದ್ದೇಶ, ದಿನಾ ತಿದ್ದಿ ಹೇಳುವುದರಿಂದ ಅದು ಕೂರುತ್ತದೆ ಎಂದು ಮಗಳು ಬಿಡಿಸಿ ಹೇಳಿದಳು. ಹದಿನಾರು ವರ್ಷದ ಹುಡುಗಿಗೆ ಅರ್ಥವಾದದ್ದು ನನಗೂ ಅರ್ಥವಾಯಿತು. ಆದರೆ ಅರ್ಥವಾದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ? ಅವತ್ತು ಅಂಗಡಿಯಲ್ಲಿ ಒಂದು ಕೋಟಿನ ತೋಳನ್ನು ತಿರುವುಮುರುವು ಕೂರಿಸಿ, ಮತ್ತೆ ಬಿಚ್ಚಿ, ಮತ್ತೆ ಹಾಗೆಯೇ ಕೂರಿಸಿದೆ. ಸೂಜಿ ಬೆರಳಿಗೆ ಚುಚ್ಚಿತು. ಹನ್ನೆರಡಕ್ಕೆ ಹನ್ನೆರಡು ಬಂದರೆ ಇವಳ ಕಾಟ ತಪ್ಪುತ್ತದೆ, ಇವರನ್ನು ಮನೆಗೆ ಕರೆದುಕೊಂಡು ಹೋಗಬಹುದು, ಮನೆಯಲ್ಲಿ ದಿನವಿಡೀ ಕಣ್ಣೆದುರು ನಾನೇ ಇದ್ದರೆ ಹೇಗೆ ಮರೆಯುತ್ತಾರೆ ನೋಡೋಣ ಎಂದುಕೊಂಡೆ.

ಮಾರನೆಯ ದಿನ ನಾನು ಹೋಗುವ ಹಾಗೆ ಹೋಗಿ ಕಾರಿಡಾರಿನಲ್ಲಿ ನಿಂತೆ. ಕಿಂಡಿಯಲ್ಲಿ ಮೈಯೆಲ್ಲ ಕಣ್ಣಾಗಿ ನೋಡಿದೆ. ಆನೆ, ಗಡಿಯಾರ, ಕೀಲಿಕೈ. ಉಳಿದ ಒಂಬತ್ತು ಪ್ರಶ್ನೆಗೆ ಇವರು ಸರಿಯಾಗಿ ಹೇಳುತ್ತಿದ್ದರು. ಎಡವುತ್ತಿದ್ದುದು ಪಟಗಳಲ್ಲಿ ಮಾತ್ರ.

ನಾನು ಎಂಟೂವರೆಗೆ ಹೊರಡಬೇಕು, ಅವಳು ಬರುವುದು ಒಂಬತ್ತೂವರೆಗೆ. ನಡುವಿನ ಒಂದು ಗಂಟೆ ಇವರ ತಲೆಯಲ್ಲಿ ಮೂರು ಮಾತು ನಿಲ್ಲಬೇಕಲ್ಲ? ಅದಕ್ಕೂ ಉಪಾಯ ಹೊಳೆಯಿತು. ಲಿಫ್ಟಿನ ಕಂಟ್ರೋಲ್ ಪೆಟ್ಟಿಗೆಗೆ ಕೈ ಹಾಕುವ ಮೊದಲು ನಮ್ಮವರದೊಂದು ಅಭ್ಯಾಸ. ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಿ “ಮೇನು”, ನಡುಬೆರಳಿಗೆ ತಾಗಿಸಿ “ಬಾಗಿಲು”, ಉಂಗುರದ ಬೆರಳಿಗೆ ತಾಗಿಸಿ “ಬ್ರೇಕು” ಎನ್ನಬೇಕು. ಮೇನ್ ಸ್ವಿಚ್ ಆರಿದೆ, ಬಾಗಿಲಿಗೆ ಬೀಗ ಬಿದ್ದಿದೆ, ಬ್ರೇಕು ಹಿಡಿದಿದೆ ಎಂದು ನೋಡಿಕೊಂಡ ಮೇಲೆಯೇ ಕೈ ಒಳಗೆ. ಕೆಲಸಕ್ಕೆ ಸೇರಿದಾಗ ಗುರುಗಳು ಕಲಿಸಿದ್ದಂತೆ. ಇಪ್ಪತ್ತು ವರ್ಷದಲ್ಲಿ ಅದು ಎಷ್ಟು ಮೈಗೂಡಿತ್ತೆಂದರೆ, ಕಣ್ಣು ಬಿಡದೆ ಮಲಗಿದ್ದಾಗಲೂ ಅವರ ಹೆಬ್ಬೆರಳು ಆ ಮೂರು ಬೆರಳನ್ನು ಮುಟ್ಟಿ ಮುಟ್ಟಿ ಬರುತ್ತಿತ್ತು. ಮರೆವು ಆ ಬೆರಳುಗಳನ್ನು ಮುಟ್ಟಿರಲಿಲ್ಲ.

ನಾನು ಮುಟ್ಟಿದೆ. ಅವರ ಕೈ ಹಿಡಿದು, “ಇದು ಮೇನು ಅಲ್ಲರೀ, ಆನೆ. ಇದು ಬಾಗಿಲಲ್ಲ, ಗಡಿಯಾರ. ಇದು ಕೀಲಿಕೈ,” ಎಂದು ತಿಂಡಿ ತಿನ್ನಿಸುತ್ತ ನಲವತ್ತು ಸಲ ಹೇಳಿಸಿದೆ. ಮೊದಲು ನಕ್ಕರು, ಆಮೇಲೆ ರೇಗಿದರು, ಕೊನೆಗೆ ಬೆರಳು ತಾನಾಗಿ ಹೇಳತೊಡಗಿತು. ಹನ್ನೆರಡನೆಯ ದಿನ ಹನ್ನೆರಡಕ್ಕೆ ಹನ್ನೆರಡು. ಒಮ್ಮೆ ಪೂರ್ತಿ ಅಂಕ ಬಂದರೆ ಪಟ ಬದಲಾಗುತ್ತದೆ. ಮರುದಿನಕ್ಕೆ ದೋಣಿ, ಟೋಪಿ, ಮೀನು. ಕಿಂಡಿಯಲ್ಲಿ ನೋಡಿಕೊಂಡೆ, ಅದೂ ಬೆರಳಿಗೇರಿತು. ಅದರ ಮರುದಿನಕ್ಕೆ ಬಾತುಕೋಳಿ, ಏಣಿ, ಚಮಚ. ಮೂರನೆಯ ದಿನವೂ ಪೂರ್ತಿ.

ಪಟದಮ್ಮ ಅವತ್ತು ನನ್ನನ್ನು ಕಾರಿಡಾರಿನಲ್ಲಿ ತಡೆದು, “ನಿಮ್ಮ ಯಜಮಾನರು ನಾವು ಅಂದುಕೊಂಡಿದ್ದಕ್ಕಿಂತ ಬೇಗ ಚೇತರಿಸಿಕೊಂಡ್ರು. ಮರೆವು ಹನ್ನೊಂದೇ ದಿನ,” ಎಂದಳು. ಆ ದಿನ ಅವಳೂ ನಕ್ಕಳು. ಕಳ್ಳ ಬೆಕ್ಕಿನ ಹಾಗೆ ನಾನೂ ನಕ್ಕೆ. ಹದಿನೆಂಟನೆಯ ದಿನ ಮನೆಗೆ ಕಳಿಸಿದರು. ಮೂರು ತಿಂಗಳು ಕೆಲಸ ಬೇಡ, ಏಣಿ ಹತ್ತುವುದು ಬೇಡ, ಗಾಡಿ ಬೇಡ, ನಿದ್ದೆ ಚೆನ್ನಾಗಿ ಬರಲಿ, ವಾಂತಿ ಬಂದರೆ ಅಥವಾ ಮಂಪರು ಹೆಚ್ಚಾದರೆ ಕೂಡಲೇ ಕರೆತನ್ನಿ ಎಂದು ಒಂದು ಹಾಳೆ ತುಂಬ ಬರೆದುಕೊಟ್ಟರು. ಹೊರಡುವಾಗ ನಮ್ಮವರು ಅವಳ ಕಡೆ ತಿರುಗಿ ತಿರುಗಿ ನೋಡಿದರು. ನೋಡಲಿ, ಇದೇ ಕೊನೆ ಎಂದುಕೊಂಡು ನಾನು ಟ್ಯಾಕ್ಸಿಯ ಗಾಜು ಏರಿಸಿದೆ.

ಮನೆಗೆ ಬಂದ ಮೇಲೆ ಗೊತ್ತಾಯಿತು ನಾನು ತಂದದ್ದು ಏನನ್ನು ಎಂದು. ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಅರ್ಧ ಗಂಟೆ ಬಿಟ್ಟು ಮತ್ತೆ ಬ್ರಷ್ ಹುಡುಕುವರು. ಮಧ್ಯಾಹ್ನ ಊಟವಾದ ಮೇಲೆ, ಈ ಮನೆಯಲ್ಲಿ ಊಟ ಹಾಕುವವರೇ ಇಲ್ಲವಾ ಎಂದು ಕೂಗುವರು. ಮಗಳು ಕಾಲೇಜಿನಿಂದ ಬಂದರೆ, “ಯಾವಾಗ ಬಂದ್ಯಮ್ಮಾ ಊರಿಂದ?” ಎಂದು ಕೇಳುವರು. ದಿನವಿಡೀ ಕಣ್ಣೆದುರೇ ಇದ್ದ ನನಗೆ ಸಿಕ್ಕಿದ್ದು ಅದೇ ಹಳೆಯ ಬಹುಮಾನ.

“ನಿನ್ನೆಯೆಲ್ಲ ಎಲ್ಲಿದ್ದೆ? ಒಬ್ಬನೇ ಬಿದ್ದಿದ್ದೆ ಇಲ್ಲಿ. ಆ ಮೇಡಂ ಯಾಕೆ ಬರ್ತಿಲ್ಲ?”

“ಆ ಮೇಡಂ ಸತ್ತುಹೋದ್ಲು,” ಎಂದೆ ಒಂದು ದಿನ. ಇವರು ಅರ್ಧ ಗಂಟೆ ಕಣ್ಣೀರಿಟ್ಟರು. ಆಮೇಲೆ ಮರೆತು, ಮತ್ತೆ ಕೇಳಿದರು. ಬದುಕಿದ್ದಾಳೆ ಎಂದು ಹೇಳಬೇಕಾಯಿತು. ಸತ್ತರೂ ನನ್ನನ್ನು ಬಿಡದ ಹೆಂಗಸು!

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಅಮ್ಮಾ, ಅಪ್ಪನಿಗೆ ನಿನ್ನೆದು ಏನೂ ನೆನಪಿಲ್ಲ. ಮತ್ತೆ ಆ ಪರೀಕ್ಷೇಲಿ ಹೇಗೆ ಪಾಸಾದ್ರು?”

“ಅವರು ಮೊದಲಿಂದಲೂ ಜಾಣರು,” ಎಂದೆ. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಂಡೆ. ಆಸ್ಪತ್ರೆಗೆ ಹೋಗಿ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅನ್ನಿಸಿತು. ಹೇಳಿದರೆ ಇವರು ಮತ್ತೆ ಅವಳ ಎದುರಿಗೆ ಹೋಗಿ ಕೂರುತ್ತಾರೆ. ಅದೊಂದೇ ಕಾರಣಕ್ಕೆ ಹಲ್ಲು ಕಚ್ಚಿ ಸುಮ್ಮನಿದ್ದೆ.

ಇವರ ಜೊತೆ ಕೆಲಸ ಮಾಡುವವನೊಬ್ಬನಿದ್ದ. ಎಷ್ಟು ತೊಳೆದರೂ ಅವನ ಉಗುರಿನ ಕಪ್ಪು ಹೋಗದ್ದರಿಂದ ಎಲ್ಲರೂ ಅವನನ್ನು ಗ್ರೀಸಣ್ಣ ಎನ್ನುತ್ತಿದ್ದರು. ಮೂವತ್ತೊಂದನೆಯ ದಿನ ಅವನು ನೋಡಲು ಬಂದ. ಪಕ್ಕದ ಬೀದಿಯ ಕಟ್ಟಡದಲ್ಲಿ ಒಂದು ಲಿಫ್ಟು ಕೆಟ್ಟಿದೆ, ಅಲ್ಲಿಗೇ ಹೊರಟಿದ್ದೇನೆ ಎಂದ. ಇವರ ಕಣ್ಣು ಅರಳಿತು. ಅಷ್ಟು ದಿನದಲ್ಲಿ ಮೊದಲ ಸಲ ಮೇಡಂ ಬಿಟ್ಟು ಬೇರೆ ಏನನ್ನೋ ಕೇಳಿದರು.

“ನಾನೂ ಬರ್ತೀನಿ ಕಣೋ. ಸುಮ್ನೆ ನೋಡ್ತೀನಿ.”

“ಬರ್ಲಿ ಬಿಡಿ ಅತ್ತಿಗೆ. ಸುಮ್ನೆ ನಿಂತ್ಕೊಂಡಿರ್ತಾರೆ. ನಾನಿದ್ದೀನಲ್ಲ,” ಎಂದ ಗ್ರೀಸಣ್ಣ.

ಅವಳ ಹೆಸರು ಮರೆಯುವುದಾದರೆ ಲಿಫ್ಟೇನು, ವಿಮಾನವನ್ನೇ ತೋರಿಸಿಕೊಂಡು ಬಾ ಎನ್ನುವಂತಿತ್ತು ನನ್ನ ಮನಸ್ಸು. ನಾನೂ ಜೊತೆಗೆ ಹೋದೆ.

ಕಟ್ಟಡದ ತುದಿಯಲ್ಲಿ ಯಂತ್ರದ ಕೋಣೆ, ಎಣ್ಣೆಯ ವಾಸನೆ, ಒಂದೇ ಬಲ್ಬು. ಗ್ರೀಸಣ್ಣ ಗೋಡೆಯ ಮೇಲಿನ ಪೆಟ್ಟಿಗೆಯ ಬಾಗಿಲು ತೆರೆದ. ಸ್ಕ್ರೂಡ್ರೈವರ್ ಕೈಯಿಂದ ಜಾರಿತೆಂದು ಬಗ್ಗಿದ. ಅಷ್ಟೇ ಹೊತ್ತು. ನಮ್ಮವರು ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ಬೆನ್ನು ನೆಟ್ಟಗಾಯಿತು, ಭುಜ ಸಡಿಲವಾಯಿತು, ಬೀಳುವ ಮೊದಲಿನ ನನ್ನ ಗಂಡ ಹಾಗೆಯೇ ವಾಪಸ್ಸು ಬಂದು ನಿಂತರು. ಅವರು ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ತಾಗಿಸಿ, ಗಂಭೀರವಾಗಿ, “ಬಾತುಕೋಳಿ, ಏಣಿ, ಚಮಚ,” ಎಂದರು. ಎಲ್ಲ ಸರಿಯಿದೆ ಎನ್ನುವಂತೆ ತಲೆಯಾಡಿಸಿ ಕೈಯನ್ನು ಒಳಗೆ ನೀಡಿದರು.

ಮೇನ್ ಸ್ವಿಚ್ ಆರಿರಲಿಲ್ಲ.

ನಾನು ಕೂಗಿದ್ದು ನೆನಪಿದೆ. ಗ್ರೀಸಣ್ಣ ಬಗ್ಗಿದವನು ಹಾಗೆಯೇ ಇವರ ಸೊಂಟಕ್ಕೆ ಹಾರಿ ಬಿದ್ದ. ಇಬ್ಬರೂ ನೆಲಕ್ಕೆ ಉರುಳಿದರು. ತಂತಿಗೂ ಬೆರಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ನಾನು ಮೊದಲು ಇವರ ತಲೆ ಮುಟ್ಟಿ ನೋಡಿದೆ, ಏಟಾಗಿರಲಿಲ್ಲ. ಗ್ರೀಸಣ್ಣ ಎದ್ದು ಮೇನ್ ಸ್ವಿಚ್ ಆರಿಸಿ, “ಅಣ್ಣಾ, ಏನಂದೆ ನೀನು? ಬಾತುಕೋಳಿನಾ?” ಎಂದ. ಇವರಿಗೂ ಏನೋ ತಪ್ಪಿದೆ ಅನ್ನಿಸಿರಬೇಕು. ತಮ್ಮ ಬೆರಳುಗಳನ್ನು ನೋಡಿಕೊಂಡು, ಪರಕೀಯರ ಕೈಯೇನೋ ಎಂಬಂತೆ ಅವನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

ಮಿದುಳು ಅಷ್ಟು ಬಡಿದುಕೊಂಡರೂ ಆ ಮೂರು ಬೆರಳಿನ ಬುದ್ಧಿ ಕೆಟ್ಟಿರಲಿಲ್ಲ. ಅದನ್ನು ಕೆಡಿಸಿದವಳು ನಾನು. ಇನ್ನೊಬ್ಬಳ ಮೇಲಿನ ಮತ್ಸರಕ್ಕೆ ನನ್ನ ಗಂಡನ ಪ್ರಾಣ ಕಾಯುತ್ತಿದ್ದ ಮಾತನ್ನು ಅಳಿಸಿ ಬಾತುಕೋಳಿ ಕೂರಿಸಿದ್ದೆ.

ಮರುದಿನ ಬೆಳಿಗ್ಗೆ ಪಟದಮ್ಮನ ಕೋಣೆಗೆ ಹೋದೆ. ಕುಳಿತುಕೊಳ್ಳಿ ಎಂದಳು, ಕೂರಲಿಲ್ಲ. ಕಿಂಡಿ, ಬೆರಳು, ನಲವತ್ತು ಸಲ, ಪೆಟ್ಟಿಗೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಯಾಕೆ ಮಾಡಿದಿರಿ ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ.

“ನೀವೇನು ಕೆಲಸ ಮಾಡ್ತೀರಿ?”

“ಬಟ್ಟೆ ಹೊಲೀತೀನಿ.”

“ಅಳತೆ ತಗೊಳ್ಳುವಾಗ ಗಿರಾಕಿ ಹೊಟ್ಟೆ ಎಳ್ಕೊಂಡು ನಿಂತ್ರೆ?”

“ಬಟ್ಟೆ ಹಾಳು.”

“ನೀವು ಮಾಡಿದ್ದು ಅದೇ. ಇದು ಪಾಸು ಫೇಲು ಮಾಡೋ ಪರೀಕ್ಷೆ ಅಲ್ಲ, ಅಳತೆ. ಮರೆವು ಎಷ್ಟು ದಿನ ಇತ್ತು ಅನ್ನೋದರ ಮೇಲೇ ಏಟು ಎಷ್ಟು ಆಳ ಅಂತ ನಮಗೆ ಗೊತ್ತಾಗೋದು. ಹನ್ನೊಂದು ದಿನ ಅಂದ್ರೆ ಮನೆ. ನಾಲ್ಕು ವಾರ ದಾಟಿದವರನ್ನ ನಾವು ಕಳಿಸೋದೇ ಇಲ್ಲ. ಹಿಂದಿನ ಕಟ್ಟಡದಲ್ಲಿ ಎಂಟು ಹಾಸಿಗೆ ಇದೆ, ತಿಂಗಳುಗಟ್ಟಲೆ ತರಬೇತಿ. ಅದರಲ್ಲೊಂದು ಅವರದ್ದಾಗಬೇಕಿತ್ತು. ಬೇರೆಯವರಿಗೆ ಕೊಟ್ಟಾಯ್ತು.” ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. “ಬೆರಳು ಆಡಿಸೋದನ್ನ ನಾನೂ ನೋಡಿದ್ದೆ. ಗಾಬರಿಗೆ ಹಾಗೆ ಮಾಡ್ತಾರೆ ಅಂದ್ಕೊಂಡೆ. ವಿಚಾರಿಸಬೇಕಿತ್ತು.”

ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವಳು ತನ್ನ ತಪ್ಪನ್ನೂ ಪಕ್ಕದಲ್ಲಿಟ್ಟು ನನ್ನ ಬಾಯಿ ಕಟ್ಟಿದಳು.

ಆರು ದಿನ ಕಾದ ಮೇಲೆ ಒಂದು ಹಾಸಿಗೆ ಖಾಲಿಯಾಯಿತು. ಅಳತೆ ಮತ್ತೆ ಮೊದಲಿನಿಂದ. ಪ್ರಶ್ನೆ ಕೇಳಲು ಈ ಸಲ ಬೇರೆಯವರು, ದಪ್ಪ ಕನ್ನಡಕದ ಒಬ್ಬ ಹಿರಿಯರು. ಪಟದಮ್ಮನಿಗೆ ಉಸ್ತುವಾರಿ ಮತ್ತು ಇವರನ್ನು ನಡೆದಾಡಿಸುವ ವ್ಯಾಯಾಮ. ಬೆರಳಿಗೆ ಹಳೆಯ ಮಾತುಗಳನ್ನು ಮತ್ತೆ ಕೂರಿಸುವ ಪಾಠವೂ ಅವಳದೇ. ನನಗೆ ಬೆಳಗಿನ ಭೇಟಿ ರದ್ದು. ಸಂಜೆ ಐದರಿಂದ ಐದೂವರೆ, ಬಾಗಿಲು ತೆರೆದಿಟ್ಟು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಒಪ್ಪಿಕೊಂಡೆ.

ಸಂಜೆ ಹೋದರೆ ಅದೇ ರಾಗ. ಎಲ್ಲಿ ಹೋಗಿದ್ದೆ? ಯಾಕೆ ಬರಲ್ಲ? ನಾನು ಹೊಸಬಳಂತೆ ನಕ್ಕು, “ಈಗ ಬಂದೆ ನೋಡಿ,” ಎನ್ನುವುದನ್ನು ಕಲಿತೆ. ಹೊಟ್ಟೆಕಿಚ್ಚು ಹೋಗಿತ್ತು ಎಂದು ಹೇಳಿದರೆ ಮತ್ತೊಂದು ಸುಳ್ಳಾಗುತ್ತದೆ. ಅದು ಬೂದಿಯ ಕೆಳಗೆ ಹಾಗೆಯೇ ಇತ್ತು. ಒಂದು ಸಂಜೆ ಡಬ್ಬಿ ತೆರೆಯುತ್ತಿದ್ದೆ. ಇವರು ಕಿಟಕಿಯ ಕಡೆ ನೋಡುತ್ತ ಹೇಳಿದರು.

“ಆ ಮೇಡಂಗೆ ಎಷ್ಟು ತಾಳ್ಮೆ. ನಿನಗೆ ಅದರಲ್ಲಿ ಕಾಲು ಭಾಗ ಇದ್ದಿದ್ರೆ ದಿನಾ ಬಂದು ನೋಡ್ತಿದ್ದೆ.”

ಅಷ್ಟೇ. ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಎಸೆದೆ. ಅದು ಠಣ್ ಎಂದು ಕೋಣೆಯೆಲ್ಲ ಸುತ್ತಿತು. “ಹಾಗಾದ್ರೆ ಅವಳ ಜೊತೇನೇ ಸಂಸಾರ ಮಾಡಿ! ಗಂಜಿ ಹಾಕಿದ ಕಾಲರ್ ಥರ ನಿಂತಿರ್ತಾಳೆ, ನಗೋಕೂ ಬರಲ್ಲ ಅವಳಿಗೆ! ಇಪ್ಪತ್ತು ದಿನ, ಇಪ್ಪತ್ತು ದಿನ ಬಂದಿದ್ದೀನಿ ನಾನು, ಒಂದು ದಿನ ತಪ್ಪಿಸಿಲ್ಲ! ಕಾಲು ಸವೆದುಹೋಯ್ತು!” ನರ್ಸ್ ಓಡಿಬಂದಳು. ಇವರು ಕಿವಿ ಮುಚ್ಚಿಕೊಳ್ಳಲಿಲ್ಲ, ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಅಳುತ್ತ ಹೊರಗೆ ಬಂದೆ. ದಾರಿಯುದ್ದಕ್ಕೂ ನನಗಿದ್ದದ್ದು ಒಂದೇ ಸಮಾಧಾನ. ಬೆಳಗಾಗುವಷ್ಟರಲ್ಲಿ ಮರೆತಿರುತ್ತಾರೆ. ಆ ಮರೆವಿಗೆ ಅವತ್ತು ಮೊದಲ ಸಲ ಋಣಿಯಾದೆ.

ಮರುದಿನ ಮುಖ ತೊಳೆದು, ತಲೆ ಬಾಚಿ, ಏನೂ ಆಗದವಳಂತೆ ಐದಕ್ಕೆ ಸರಿಯಾಗಿ ಹೋದೆ. ಡಬ್ಬಿ ತೆಗೆದೆ. ಇವರು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

“ಇವತ್ತು ಮುಚ್ಚಳ ಎಸೆಯಲ್ಲ ತಾನೇ?”

“ಯಾರು ಹೇಳಿದ್ರು ನಿಮಗೆ?”

“ಯಾರು ಹೇಳ್ಬೇಕು? ನಾನಿಲ್ಲೇ ಇದ್ನಲ್ಲ ನಿನ್ನೆ.”

ನಿನ್ನೆ ಎಂದರು! ನಾನು ಇನ್ನೊಂದು ಮಾತು ಆಡಲಿಲ್ಲ. ಆಡಿದರೆ ಎಲ್ಲಿ ಹೇಳಿಕೊಟ್ಟಂತೆ ಆಗುತ್ತದೋ ಎಂಬ ಹೆದರಿಕೆ. ಬಾಯಿಗೆ ಸೆರಗು ತುರುಕಿಕೊಂಡು ಕಾರಿಡಾರಿನಲ್ಲಿ ಓಡಿದೆ. ಪಟದಮ್ಮ ಮನೆಗೆ ಹೊರಡುವವಳಿದ್ದಳು, ಚೀಲ ಹೆಗಲಿಗೇರಿಸಿದ್ದಳು.

“ಮೇಡಂ, ಅವರಿಗೆ ನಿನ್ನೆದು ನೆನಪಿದೆ.”

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಬಾತುಕೋಳಿ, ಏಣಿ, ಚಮಚ ಮೂರೂ ಕಾಣಿಸಿದವು.

“ನೀವು ನೆನಪಿಸಿದ್ರಾ?”

“ನನ್ನ ಮಗಳಾಣೆ ಇಲ್ಲ. ನೀವೇ ಹೋಗಿ ಕೇಳಿ. ನಾನು ಒಳಗೆ ಬರಲ್ಲ.”

“ಏನಾಯ್ತು ನಿನ್ನೆ? ಮೊದಲು ನೀವು ಹೇಳಿ, ಬರ್ಕೋತೀನಿ. ಆಮೇಲೆ ಅವರನ್ನ ಕೇಳ್ತೀನಿ. ಎರಡೂ ತಾಳೆಯಾಗಬೇಕು. ನೀವು ಆಡಿದ ಮಾತು ಇದ್ದಿದ್ದು ಇದ್ದ ಹಾಗೆ ಬೇಕು.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಒಮ್ಮೆ ಸುಳ್ಳು ಅಳತೆ ಕೊಟ್ಟವಳು ನಾನು. “ಜಗಳ ಆಡಿದೆ. ಮುಚ್ಚಳ ಎಸೆದೆ. ಅವಳ ಜೊತೇನೇ ಸಂಸಾರ ಮಾಡಿ ಅಂದೆ.”

“ಯಾರ ಜೊತೆ?”

“ನಿಮ್ಮ ಜೊತೆ.” ಪೆನ್ನು ನಿಂತಿತು, ಮತ್ತೆ ಓಡಿತು. “ಗಂಜಿ ಹಾಕಿದ ಕಾಲರ್ ಅಂದೆ ನಿಮ್ಮನ್ನ. ನಗೋಕೂ ಬರಲ್ಲ ಅಂದೆ.”

“ನಗೋಕೂ ಬರಲ್ಲ,” ಎಂದು ಅವಳು ಬಾಯಲ್ಲಿ ಹೇಳಿಕೊಂಡು ಬರೆದಳು. “ಇನ್ನೇನಾದ್ರೂ?”

“ಅಷ್ಟೇ,” ಎಂದೆ. ಇನ್ನೂ ಏನೋ ಕೂಗಿದ್ದೆ, ಆ ಗಳಿಗೆಯಲ್ಲಿ ಅದು ತಲೆಗೆ ಬರಲಿಲ್ಲ.

ಅವಳು ಒಳಗೆ ಹೋಗಿ ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡಳು. ನಾನು ತೆರೆದ ಬಾಗಿಲಿನ ಆಚೆ ಗೋಡೆಗೆ ಒರಗಿ ನಿಂತೆ. ಈ ಸಲ ಇಣುಕಲಿಲ್ಲ.

“ನಿನ್ನೆ ಸಂಜೆ ಯಾರಾದ್ರೂ ಬಂದಿದ್ರಾ?”

“ನನ್ನ ಹೆಂಡತಿ.”

“ಏನಾಯ್ತು?”

ಇವರು, “ಏನಿಲ್ಲ, ಒಳ್ಳೆ ಮಾತೇ ಆಡಿದ್ಲು,” ಎಂದರು. ನನ್ನ ಮಾನ ಕಾಪಾಡಲು ಹೊರಟಿದ್ದಾರೆ ಈ ಮಹಾನುಭಾವರು! ಹೆಚ್ಚುಕಡಿಮೆ ಎರಡು ತಿಂಗಳ ಮೇಲೆ ಬಂದ ಮೊದಲ ನೆನಪು, ಅದನ್ನು ನನಗಾಗಿ ನುಂಗುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ.

“ರೀ, ನಿಜ ಹೇಳ್ರೀ!” ಎಂದು ಗೋಡೆಯ ಆಚೆಯಿಂದ ಕೂಗಿದೆ.

ಒಳಗೆ ಅವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. “ಮುಚ್ಚಳ ಎಸೆದ್ಲು ಮೇಡಂ. ನಿಮ್ಮನ್ನ ಕಾಲರ್ ಅಂದ್ಲು, ಗಂಜಿ ಹಾಕಿದ್ದು. ಬೇಜಾರ್ ಮಾಡ್ಕೋಬೇಡಿ. ಅವಳಿಗೆ ಸುಸ್ತಾಗಿದೆ. ಇಪ್ಪತ್ತು ದಿನ ಬಂದಿದ್ದಾಳಂತೆ, ಒಂದು ದಿನ ತಪ್ಪಿಸಿಲ್ವಂತೆ. ನನಗೆ ಗೊತ್ತೇ ಇರಲಿಲ್ಲ.”

ಪಟದಮ್ಮ ಹೊರಗೆ ಬಂದಳು. ತಾನು ಬರೆದುಕೊಂಡಿದ್ದನ್ನು ಸಾಲು ಸಾಲಾಗಿ ತಾಳೆ ನೋಡಿದಳು.

“ಇಪ್ಪತ್ತು ದಿನ ಅಂತ ನೀವು ನನಗೆ ಹೇಳಲಿಲ್ಲ.”

“ಮರೆತೆ,” ಎಂದೆ. “ಅಂದಿದ್ದು ನಿಜ. ಆದ್ರೆ ಈ ಕಟ್ಟಡಕ್ಕೆ ಬಂದ ಮೇಲೆ ಲೆಕ್ಕ ಹಾಕಿದ್ರೆ ನಿನ್ನೆಗೆ ಹತ್ತೊಂಬತ್ತೇ. ಸಿಟ್ಟಲ್ಲಿ ಒಂದು ಜಾಸ್ತಿ ಸೇರಿಸಿದೆ.”

“ನೀವು ಅಂದಿದ್ದೇ ಮುಖ್ಯ. ನಾಳೆ, ನಾಡಿದ್ದೂ ಹೀಗೇ ನಿಲ್ಲುತ್ತಾ ನೋಡಬೇಕು.” ಅವಳು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಬರೆದಳು. ನಾನು ಅವಳ ಹೆಗಲ ಮೇಲಿಂದ ಓದಿದೆ. ‘ಹೆಂಡತಿ ದಿನಾ ಬರುತ್ತಾರೆ ಎಂಬುದು ನೆನಪಿನಲ್ಲಿದೆ. ಯಾರೂ ಹೇಳಿಕೊಟ್ಟಿಲ್ಲ.’

ನಾನು ಅಲ್ಲೇ ಕಾರಿಡಾರಿನಲ್ಲಿ, ಅವಳ ಸುಕ್ಕಿಲ್ಲದ ತೋಳು ಹಿಡಿದುಕೊಂಡು, ಮಕ್ಕಳ ಹಾಗೆ ಅತ್ತೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಒಳಗಿನಿಂದ ನಮ್ಮವರು, “ಊಟ ತಣ್ಣಗಾಗ್ತಿದೆ, ಯಾರಾದ್ರೂ ಅವಳನ್ನ ಕರೀರಿ,” ಎನ್ನುತ್ತಿದ್ದರು.